ದರಗು ನೋಡಿಕೊಂಡು ರಾಣಿಪುರ ಹತ್ತಿದ್ದು

ನಮ್ಮ ಕಡೆ ಒಣಗಿ ಉದುರಿದ ಎಲೆಗೆ ದರಗು ಅಂತ ಹೇಳುದು. ಪುಸ್ತಕದಲ್ಲಿ ತರಗೆಲೆ ಅಂತ ಇರ್ತದೆ, ಶಾಲೆಯಲ್ಲಿ ನಾವೂ ಹಾಗೇ ಬರೆದದ್ದು, ಆದ್ರೆ ಮನೆಯಲ್ಲಿ ಯಾರಾದ್ರೂ ತರಗೆಲೆ ಅಂದದ್ದು ನಾನು ಕೇಳಿಲ್ಲ. ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಈ ಕಡೆಯ ಅಡಕೆ ತೋಟದ ಮನೆಗಳಲ್ಲಿ ಹುಟ್ಟಿದವರಿಗೆ ಆ ಶಬ್ದ ಕಿವಿಗೆ ಬಿದ್ದ ಕೂಡ್ಲೇ ಒಂದು ವಾಸನೆಯೂ ಬರ್ತದೆ, ಬಿಸಿಲಿಗೆ ಕಾದ ಎಲೆ, ಕೆಂಪು ಧೂಳು, ಅದರೆಡೆಯಲ್ಲಿ ಎಲ್ಲಿಂದಲೋ ಗೇರುಹೂವಿನ ಘಮ. ಡಿಸೆಂಬರ್ ಕಳೆದು ಗುಡ್ಡೆಯ ಮರಗಳು ಎಲೆ ಉದುರಿಸ್ಲಿಕ್ಕೆ ಶುರು ಮಾಡಿದ್ರೆ ಅಮ್ಮನಿಗೆ ದರಗು ಒಟ್ಟುವ ಕೆಲಸ. ಬೆಳಿಗ್ಗೆ ಕಾಫಿ ಆದ ಮೇಲೆ ತಲೆಗೆ ಬೈರಾಸು ಸುತ್ತಿ, ಹಿಡಿಸೂಡಿ (ಕಡ್ಡಿಯ ಪೊರಕೆ) ಮತ್ತೆ ದೊಡ್ಡ ಹೆಡಗೆ (ಬುಟ್ಟಿ) ಹಿಡ್ಕೊಂಡು ಗುಡ್ಡೆ ಹತ್ತಿದ್ರೆ ಬಿಸಿಲು ಏರುವ ತನಕ ಅಲ್ಲೇ, ನಾವು ಮಕ್ಕಳು ಹಿಂದಿಂದ ಹೋಗಿ ಹೆಡಗೆಯೊಳಗೆ ಇಳಿದು ದರಗನ್ನು ಮೆಟ್ಟಿ ಮೆಟ್ಟಿ ಒತ್ತುದು. ಅದು ಹಟ್ಟಿಗೆ ಹೋಗ್ತದೆ, ದನಗಳ ಕಾಲಡಿಗೆ ಬಿದ್ದು ಸಗಣಿ ಮೂತ್ರ ಕುಡಿದು ಗೊಬ್ಬರ ಆಗ್ತದೆ, ಗೊಬ್ಬರ ಅಡಕೆ ಮರದ ಬುಡಕ್ಕೆ ಹೋಗ್ತದೆ.

ಗುಡ್ಡೆ ಅಂದ್ರೆ ನಮ್ಮ ಹೆಸರಿನ ಜಾಗ ಅಲ್ಲ, ಕುಮ್ಕಿ. ಹಳೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದ ಬಂದ ಪದ್ಧತಿ ಅದು, ಕೃಷಿಭೂಮಿಯ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ದರಗು, ಹುಲ್ಲು, ಸೌದೆ ತೆಗೀಲಿಕ್ಕೆ ಆ ಕೃಷಿಕನಿಗೆ ಹಕ್ಕು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಮ್ಮ ಕಡೆ ಕುಮ್ಕಿ ಅನ್ನುವ ಶಬ್ದ ಬಿಟ್ಟು ಹೋಗ್ಲಿಲ್ಲ. ಕಾಡು ಅಂದ್ರೆ ನನಗೆ ಮೊದಲು ಗೊತ್ತಾದದ್ದು ಹಾಗೆ, ಮರವಾಗಿ ಅಲ್ಲ, ಮರದಡಿಯಾಗಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಕಳೆದ ಜನವರಿಯಲ್ಲಿ ಮಾವನ ಜೊತೆ ನಮ್ಮ ಜಿಲ್ಲೆಯದ್ದೇ ಗುಡ್ಡೆ ರಾಣಿಪುರ ಹತ್ತಿದ್ದನ್ನು ಬರೀಬೇಕು ಅಂತ ಕೂತ್ರೆ ನನಗೆ ಶಿಖರ, ಮಂಜು, ವ್ಯೂ ಪಾಯಿಂಟು ಯಾವುದೂ ಮೊದಲು ನೆನಪಿಗೆ ಬರುದಿಲ್ಲ, ಕಾಲಡಿಯ ದರಗೇ ಬರ್ತದೆ. ಅದಕ್ಕೆ ಕಾರಣ ಮಾವನೇ. ಮಾವ ಅಂದ್ರೆ ಸೋದರಮಾವ, ಅಮ್ಮನ ಅಣ್ಣ, ಕನ್ನಡ ಮೀಡಿಯಂ ಶಾಲೆಯಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ಗಿಡಮರದ ಹೆಸರು ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಮೂರರಲ್ಲೂ ಹೇಳ್ತಾರೆ. ಮಂಗಳೂರಿಂದ ನಾನು ಶೂ, ಬ್ಯಾಗು, ಟೋಪಿ ಎಲ್ಲ ಸಿದ್ಧ ಮಾಡಿ ಹೋದ್ರೆ ಅವರು ಒಂದು ಪಂಚೆ, ರಬ್ಬರ್ ಚಪ್ಪಲಿ, ಕೈಯಲ್ಲಿ ಬೆತ್ತದ ಕೋಲು. ಕಾಡಿನ ಗೇಟಿನ ಹತ್ರವೇ ಹೇಳಿದ್ದು ಒಂದೇ ಮಾತು, "ಮೇಗೆ ನೋಡಿಗೊಂಡು ನಡೆಯೆಡ, ಕೆಳ ನೋಡು." ಬೀಳ್ತೇನೆ ಅಂತ ಹೇಳಿದ್ದು ಅಂದ್ಕೊಂಡೆ ನಾನು.

ಹೋದ ದಾರಿಯಿಂದಲೇ ಶುರು ಮಾಡ್ತೇನೆ, ಯಾಕಂದ್ರೆ ಕಾಡು ಬದಲಾಗುದು ಗೇಟಿಂದ ಅಲ್ಲ, ಮನೆಯಿಂದ. ನಮ್ಮ ಮನೆಯ ಮೇಲಿನದ್ದು ಮುರಕಲ್ಲು ಪಾರೆ, ಅಂದ್ರೆ ಜಂಬಿಟ್ಟಿಗೆಯ ಬಂಡೆ ಹಾಸು. ಮಳೆಗಾಲದಲ್ಲಿ ಅದರ ಮೇಲೆ ನೀರು ನಿಂತು ಬೆರಳುದ್ದದ ಗಿಡಗಳು ನೀಲಿ ಬಿಳಿ ಹೂ ಬಿಡ್ತವೆ, ಹುಳ ಹಿಡಿದು ತಿನ್ನುವ ಪುಟ್ಟ ಗಿಡವೂ ಅಲ್ಲಿ ಉಂಟು, ಜನವರಿಗೆ ನೋಡಿದ್ರೆ ಸುಟ್ಟ ಕಾವಲಿಯ ಹಾಗೆ ಬರೀ ಕಪ್ಪು ಕಲ್ಲು. ಕಲ್ಲಿನ ಸಂದಿಯಲ್ಲಿ ಅಲ್ಲಲ್ಲಿ ಕಾಸರಕನ ಮರ. ಕಾಸರಗೋಡು ಅನ್ನುವ ಹೆಸರೇ ಈ ಮರದಿಂದ ಬಂದದ್ದು ಅಂತ ಹಿರಿಯರು ಹೇಳ್ತಾರೆ, ಮಲಯಾಳದವರೂ ಹಿಂದೆ ಅದೇ ಮರದ ಹೆಸರು ಹಿಡಿದು ಕಾಞಿರಕ್ಕೋಡ್ ಅಂತಿದ್ರಂತೆ, ಭಾಷೆ ಬೇರೆಯಾದ್ರೂ ಬೇರು ಒಂದೇ ಮರದ್ದು. ಕಾಸರಕನ ಬೀಜ ವಿಷ, ದರಗು ಮಾತ್ರ ಕೊಳೆತು ಒಳ್ಳೆ ಗೊಬ್ಬರ ಆಗ್ತದೆ ಅಂತ ಅಮ್ಮ ಬೇರೆ ಮಾಡದೆ ಒಟ್ಟಿ ತರ್ತಿದ್ಲು.

ಮುಳ್ಳೇರಿಯ ಕಳೆದು ಪಯಸ್ವಿನಿ ದಾಟಿ ಬಂದಡ್ಕ, ಕೋಳಿಚಾಲ್ ಅಂತ ಹೋಗುವಾಗ ರಸ್ತೆಯ ಎರಡೂ ಬದಿ ಬದಲಾಗ್ತಾ ಹೋಗ್ತದೆ. ಅಡಕೆ ಕಮ್ಮಿ ಆಗ್ತದೆ, ರಬ್ಬರ್ ಜಾಸ್ತಿ ಆಗ್ತದೆ, ಅಂಗಡಿ ಬೋರ್ಡಿನಲ್ಲಿ ಕನ್ನಡ ಅಪರೂಪ ಆಗ್ತದೆ. ಯಾವ ಅಂಗಡಿಯಿಂದ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಒಂದು ಕಡೆ ಎರಡೂ ಇರ್ತದೆ, ಮತ್ತೊಂದು ಕಡೆ ಒಳಗಿನವರು ತುಳು ಮಾತಾಡ್ತಿರ್ತಾರೆ ಹೊರಗೆ ಬೋರ್ಡು ಮಲಯಾಳ. ಕಳೆದ ಶತಮಾನದ ಮಧ್ಯದಲ್ಲಿ ತಿರುವಾಂಕೂರು ಕಡೆಯಿಂದ ಬಂದ ಕುಟುಂಬಗಳು ಈ ಮಲೆಯಲ್ಲಿ ನೆಲೆ ನಿಂತದ್ದು, ಕಾಡು ಕಡಿದು ಕಪ್ಪ (ಮರಗೆಣಸು), ಕರಿಮೆಣಸು, ಮತ್ತೆ ರಬ್ಬರ್ ಹಾಕಿದ್ದು. ಕಷ್ಟಪಟ್ಟ ಜನ, ಜ್ವರದಲ್ಲಿ ನರಳಿ ಊರು ಕಟ್ಟಿದವರು, ಅದರ ಬಗ್ಗೆ ನನಗೆ ಗೌರವ ಉಂಟು. ಆದ್ರೆ ರಬ್ಬರಿನ ಅಡಿ ನೋಡಿ. ಜನವರಿಯಲ್ಲಿ ಅದು ಎಲ್ಲ ಎಲೆಯನ್ನೂ ಒಟ್ಟಿಗೇ ಉದುರಿಸ್ತದೆ, ಮೂರು ಮೂರು ಎಲೆಯ ಜೋಡಣೆ, ಕೆಂಪು ಹಳದಿ ಆಗಿ ಚಂದವೇ ಕಾಣ್ತದೆ, ಆದ್ರೆ ಇಡೀ ಗುಡ್ಡೆಗೆ ಒಂದೇ ನಮೂನೆಯ ದರಗು. ಮಾವ ಕಾರು ನಿಲ್ಲಿಸ್ಲಿಕ್ಕೆ ಹೇಳಿ ಕೋಲಿನಿಂದ ಸರಿಸಿ ತೋರಿಸಿದ್ರು, ಕೆಳಗೂ ಅದೇ ಎಲೆ, ಅದರ ಕೆಳಗೂ ಅದೇ.

ಗೇರಿನ ತೋಟದ ಬಗ್ಗೆ ಬರೆಯದೆ ಮುಂದೆ ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ. ಗೇರು ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಮರ, ಮಣ್ಣು ಸವೆಯದ ಹಾಗೆ ಗುಡ್ಡೆ ಹಿಡಿದು ನಿಲ್ಲಿಸ್ಲಿಕ್ಕೆ ಒಳ್ಳೇದು, ಅದರ ತಪ್ಪು ಏನೂ ಇಲ್ಲ. ಆದ್ರೆ 1970ರ ದಶಕದ ಕೊನೆಯಿಂದ 2000ದ ತನಕ ಈ ಜಿಲ್ಲೆಯ ದೊಡ್ಡ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದ್ರು. ಗುಡ್ಡೆಯ ತುದಿಯಲ್ಲಿ ಸಿಂಪಡಿಸಿದ್ದು ಗುಡ್ಡೆಯ ಬುಡದ ತೋಡಿಗೆ, ನೀರಿನ ಸುರಂಗಕ್ಕೆ, ಬಾವಿಗೆ ಇಳೀತದೆ ಅಂತ ಇಲ್ಲಿಯ ಯಾವ ಮಗುವಿಗೂ ಗೊತ್ತಿತ್ತು. ಬಾಧಿತ ಅಂತ ಗುರುತಿಸಿದ 11 ಪಂಚಾಯತುಗಳಲ್ಲಿ ನಮ್ಮ ಬದಿಯಡ್ಕ, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಎಲ್ಲ ಉಂಟು, ರಾಣಿಪುರ ಇರುವ ಪನತ್ತಡಿಯೂ ಉಂಟು. ನಾನು ಸಣ್ಣವನಿದ್ದಾಗ ಹೆಲಿಕಾಪ್ಟರ್ ನೋಡ್ಲಿಕ್ಕೆ ಅಂಗಳಕ್ಕೆ ಓಡಿದ್ದು ನೆನಪುಂಟು. ಆ ವರ್ಷಗಳಲ್ಲಿ ಒಂದು ಬೇಸಿಗೆ ಅಮ್ಮ ಗೇರು ತೋಟದ ಕಡೆಯ ದರಗು ತರುದು ನಿಲ್ಲಿಸಿದ್ಲು, ಯಾರೂ ಹೇಳಿದ್ದಲ್ಲ, ದರಗಿನಡಿಯಲ್ಲಿ ಹುಳ ಇಲ್ಲ, ಒರಳೆ (ಗೆದ್ದಲು) ಸಹ ಹಿಡಿದಿಲ್ಲ, ಒರಳೆ ಮುಟ್ಟದ್ದನ್ನು ನನ್ನ ದನದ ಕಾಲಡಿಗೆ ಹಾಕುದಿಲ್ಲ ಅಂತ. 2011ರಲ್ಲಿ ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಆ ವಿಷ ಸೇರಿದ್ದು, ಸುಪ್ರೀಂ ಕೋರ್ಟು ದೇಶದಲ್ಲಿ ತಡೆದದ್ದು ಎಲ್ಲ ಆಮೇಲೆ. ಅಮ್ಮ ಎಲೆಯಡಿ ನೋಡಿ ಮೊದಲೇ ಹೇಳಿದ್ದು.

ಪನತ್ತಡಿಯಿಂದ ಏರು ರಸ್ತೆ. ರಾಣಿಪುರಕ್ಕೆ ಮೊದಲಿದ್ದ ಹೆಸರು ಮಾಡತ್ತುಮಲ, 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತದವರು ಇಲ್ಲಿ ಜಾಗ ತಗೊಂಡು ವಲಸೆ ಬಂದವರನ್ನು ನೆಲೆ ನಿಲ್ಲಿಸಿದಾಗ ಮಾತೆ ಮೇರಿಯ ನೆನಪಿಗೆ ರಾಣಿಪುರಂ ಅಂತ ಆದದ್ದು. ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್ ತಗೊಂಡು ಒಳಗೆ ಹೋಗ್ಬೇಕು, ತುದಿಗೆ ಸುಮಾರು ಎರಡೂವರೆ ಕಿಲೋಮೀಟರ್ ನಡಿಗೆ. ದೂರ ಕೇಳಿದ್ರೆ ಹೆಚ್ಚಿಲ್ಲ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಜಾಸ್ತಿ, ಜನವರಿಯಲ್ಲಿ ಅದರ ಕಾಟ ಇರ್ಲಿಲ್ಲ.

ಶುರುವಿನಲ್ಲಿ ಅಂಚಿನ ಕಾಡು. ಸ್ವಲ್ಪ ಎಲೆ ಉದುರಿಸುವ ಮರ, ಸ್ವಲ್ಪ ಉದುರಿಸದ ಮರ, ಎರಡೂ ಕಲಸಿ ಹೋದ ಜಾಗ. ಬಿಸಿಲು ನೆಲಕ್ಕೆ ತುಂಡು ತುಂಡಾಗಿ ಬೀಳ್ತದೆ. ಇಲ್ಲಿ ನಡೆದ್ರೆ ಚರಪರ ಚರಪರ ಶಬ್ದ, ಒಬ್ಬರ ಹಿಂದೆ ಒಬ್ಬರು ನಡೆದ್ರೆ ಮಾತು ಕೇಳುದಿಲ್ಲ ಅಷ್ಟು. ನಂದಿ, ಮರುವ, ಕೌಲು ಇಂಥ ಮರಗಳ ಅಗಲ ಎಲೆ, ಬಿಸಿಲಿಗೆ ಸುರುಟಿ ದೋಣಿಯ ಹಾಗೆ ಆಗಿ ಬಿದ್ದಿರ್ತವೆ. ಇದು ನಮ್ಮ ಕುಮ್ಕಿಯ ದರಗೇ. ಕಣ್ಣು ಮುಚ್ಚಿ ನಡೆದ್ರೆ ಅಮ್ಮನ ಹಿಂದೆ ಹೆಡಗೆ ಹಿಡ್ಕೊಂಡು ಹೋಗ್ತಿದ್ದೇನೆ ಅಂತ ಅನ್ನಿಸ್ಬೇಕು, ಅನ್ನಿಸಿತು ಸಹ. ಒಂದು ಕಡೆ ಆನೆಯ ಲದ್ದಿ, ಹಳೇದು, ಒಣಗಿ ನಾರು ನಾರಾಗಿ ಬಿಟ್ಟುಕೊಂಡದ್ದು, ಅದರೊಳಗಿಂದ ಏನೋ ಒಂದು ಬೀಜ ಎರಡೆಲೆ ಬಿಟ್ಟಿತ್ತು. ಮಾವ ಬಗ್ಗಿ ನೋಡಿ ಬದಿಗೆ ಹೆಜ್ಜೆ ಇಟ್ರು, ನನಗೂ ಬದಿಯಿಂದ ಬಾ ಅಂತ ಕೈ ಮಾಡಿದ್ರು.

ಆಮೇಲೆ ಎಲ್ಲಿ ಅಂತ ನನಗೆ ಗೊತ್ತಾಗ್ಲಿಲ್ಲ, ಶಬ್ದ ನಿಂತು ಹೋಯ್ತು. ಮಾವ ಮುಂದಿನಿಂದ ತಿರುಗಿ ನೋಡಿ ನಗ್ತಾ ನಿಂತಿದ್ರು. ಈಗ ಕೇಳು ಅಂದ್ರು. ಚರಪರ ಇಲ್ಲ. ಕಾಲಿಟ್ರೆ ಮೆತ್ತಗೆ ಒಂದು ಉಸಿರು ಬಿಟ್ಟ ಹಾಗೆ, ಅಷ್ಟೇ. ಮೇಲೆ ನೋಡಿದ್ರೆ ಆಕಾಶ ಇಲ್ಲ, ಬರೀ ಹಸಿರಿನ ಮಾಡು. ನಿತ್ಯಹರಿದ್ವರ್ಣದ ಕಾಡು ಅಂತ ನಾವು ಪರೀಕ್ಷೆಗೆ ಬರೀತಿದ್ದ ಆ ಉದ್ದ ಶಬ್ದದೊಳಗೆ ಬಂದು ನಿಂತಿದ್ದೆವು.

ಆ ಶಬ್ದ ಒಂದು ತಪ್ಪು ಕಲ್ಪನೆ ಕೊಡ್ತದೆ ಅಂತ ನನಗೆ ಅಲ್ಲಿ ಗೊತ್ತಾದದ್ದು. ನಿತ್ಯ ಹಸಿರು ಅಂದ್ರೆ ಎಲೆ ಉದುರುದಿಲ್ಲ ಅಂತ ಅಲ್ಲ. ವರ್ಷ ಇಡೀ ಉದುರ್ತಾ ಇರ್ತದೆ, ಒಂದು ಮರ ಇವತ್ತು, ಇನ್ನೊಂದು ನಾಳೆ, ಒಟ್ಟಿಗೇ ಬರಿದಾಗುದಿಲ್ಲ ಅಷ್ಟೇ. ನಾವು ನಿಂತಿದ್ದ ಐದು ನಿಮಿಷದಲ್ಲೇ ಮೇಲಿಂದ ಎಲೆಗಳು ಒಂದೊಂದಾಗಿ ತಿರುಗ್ತಾ ಇಳೀತಿದ್ದವು. ಹಾಗಾದ್ರೆ ನೆಲದಲ್ಲಿ ಮೊಣಕಾಲಷ್ಟು ರಾಶಿ ಇರ್ಬೇಕಲ್ಲ, ಇಲ್ಲ. ಮಾವ ಕೂತು ಕೈಯಲ್ಲಿ ಪದರ ಪದರವಾಗಿ ಸರಿಸಿದ್ರು. ಮೇಲೆ ನಿನ್ನೆ ಮೊನ್ನೆಯ ಎಲೆ, ಇನ್ನೂ ಬಣ್ಣ ಉಂಟು. ಅದರಡಿ ಕಂದು, ಒದ್ದೆ, ಮೈಯೆಲ್ಲ ತೂತು. ಅದರಡಿಯ ಪದರದಲ್ಲಿ ಎಲೆಯ ಮಾಂಸ ಹೋಗಿ ನರ ಮಾತ್ರ, ಬಲೆಯ ಹಾಗೆ, ಅದರ ಮೇಲೆ ಬಿಳಿ ನೂಲಿನಂಥ ಬೂಸ್ಟು ಹರಡಿತ್ತು, ಅದು ಅಣಬೆಯ ಬೇರು ಅಂತ ಹೇಳ್ಬಹುದು. ಅದರಡಿ ಎಲೆ ಇಲ್ಲ, ಕಪ್ಪು ಮಣ್ಣು. ಒಟ್ಟು ಎಣಿಸಿದ್ರೆ ಬೆರಳಿನಷ್ಟು ದಪ್ಪ. ಅಷ್ಟರಲ್ಲಿ ಚೋರಟೆ ಹುಳ, ಒರಳೆ, ಎರೆಹುಳ, ಹೆಸರಿಲ್ಲದ ನೂರು ಜೀವ. ಬಿಸಿ ಮತ್ತೆ ಒದ್ದೆ ಎರಡೂ ಇರುವ ಜಾಗದಲ್ಲಿ ಎಲೆ ಬೇಗ ಕರಗ್ತದೆ, ಕರಗಿದ ಸಾರ ಮಣ್ಣಿಗೆ ಇಳಿಯುವ ಮೊದಲೇ ಮೇಲುಮೇಲಿನ ಬೇರುಗಳು ಹೀರಿಕೊಳ್ತವೆ. ಅದಕ್ಕೇ ಇಂಥ ಕಾಡು ಕಡಿದ್ರೆ ಕೆಲವು ವರ್ಷದಲ್ಲೇ ನೆಲ ಬಡವಾಗುದು, ಸಂಪತ್ತು ಮಣ್ಣಿನಲ್ಲಿ ಇರುದಕ್ಕಿಂತ ಹೆಚ್ಚು ಈ ಓಡಾಟದಲ್ಲಿ ಇರ್ತದೆ.

ಮನೆಯಲ್ಲಿ ಅಕೇಶಿಯದ ದರಗನ್ನು ಅಮ್ಮ ಯಾಕೆ ಬೈತಿದ್ಲು ಅಂತ ಆಗ ಅರ್ಥ ಆದದ್ದು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ನಮ್ಮ ಗುಡ್ಡೆಗಳಲ್ಲಿ ಅಕೇಶಿಯ ನೆಟ್ರು, ಆಸ್ಟ್ರೇಲಿಯ ಕಡೆಯ ಮರ, ಅದರದ್ದು ನಿಜವಾಗಿ ಎಲೆಯೇ ಅಲ್ಲ, ಎಲೆಯ ತೊಟ್ಟು ಚಪ್ಪಟೆಯಾಗಿ ಕುಡುಗೋಲಿನ ಆಕಾರಕ್ಕೆ ಬಂದದ್ದು. ಹಟ್ಟಿಗೆ ಹಾಕಿದ್ರೆ ಮಳೆಗಾಲ ಕಳೆದ್ರೂ ಹಾಗೇ ಗಟ್ಟಿ ಗಟ್ಟಿ ಇರ್ತದೆ, ಗೊಬ್ಬರ ತೆಗೆಯುವಾಗ ಹಾರೆಗೆ ಸಿಕ್ಕಿಕೊಳ್ತದೆ. ಅದನ್ನು ತಿನ್ಲಿಕ್ಕೆ ಕಲಿತ ಹುಳ ನಮ್ಮ ಮಣ್ಣಿನಲ್ಲಿ ಕಮ್ಮಿ. ಕಾಡು ಅಂದ್ರೆ ಮರ ಎಷ್ಟು ಅಂತ ಎಣಿಸುದು ಸಾಕಾಗುದಿಲ್ಲ, ಬಿದ್ದ ಎಲೆಯನ್ನು ವಾಪಸ್ಸು ಮಣ್ಣು ಮಾಡುವವರು ಅಡಿಯಲ್ಲಿ ಇದ್ದಾರಾ ಅಂತ ನೋಡ್ಬೇಕು. ಇದು ನನ್ನ ನಂಬಿಕೆ ಈಗ, ಗಟ್ಟಿಯಾಗಿಯೇ ಹೇಳ್ತೇನೆ.

ನಾವು ಹಾಗೆ ಕೂತು ನೆಲ ಕೆದಕುದನ್ನು ಕಂಡು ಅರಣ್ಯ ಇಲಾಖೆಯ ವಾಚರ್ ಒಬ್ಬರು ಕೆಳಗಿಂದ ಬಂದು ನಿಂತ್ರು. "ಎಂದಾ ನೋಕ್ಕುನ್ನೆ?" ಅಂತ ಕೇಳಿದ್ರು, ಸಂಶಯ ಇತ್ತು ಧ್ವನಿಯಲ್ಲಿ. ಮಾವ ಮಲಯಾಳದಲ್ಲೇ ಹೇಳಿದ್ರು, ಕರಿಯಿಲ ನೋಡ್ತಿದ್ದೇವೆ ಅಂತ. ಮಲಯಾಳದಲ್ಲಿ ದರಗಿಗೆ ಕರಿಯಿಲ ಅಂತ ಹೇಳುದು. ಅವರ ಮುಖ ಒಮ್ಮೆಲೇ ಸಡಿಲ ಆಯ್ತು. ಕರಿಯಿಲ ಮಾತ್ರ ಸಾಕಾ, ಮಣ್ಣಾಂಗಟ್ಟ ಬೇಡ್ವಾ ಅಂತ ಕೇಳಿದ್ರು. ಮಾವನೂ ನಾನೂ ಒಟ್ಟಿಗೇ ನಕ್ಕೆವು, ಯಾಕಂದ್ರೆ ಆ ಕಥೆ ನಮಗೂ ಅಮ್ಮಂದಿರು ಅಜ್ಜಿಯಂದಿರು ಹೇಳಿದ್ದೇ. ಮಣ್ಣಿನ ಹೆಂಟೆ ಮತ್ತೆ ಒಣಗಿದ ಎಲೆ ಇಬ್ಬರೂ ದೋಸ್ತಿಗಳು, ಕಾಶಿಗೆ ಹೊರಟವರು. ಗಾಳಿ ಬಂದ್ರೆ ಹೆಂಟೆ ಎಲೆಯ ಮೇಲೆ ಕೂತು ಅದು ಹಾರದ ಹಾಗೆ ಹಿಡ್ಕೊಳ್ತದೆ, ಮಳೆ ಬಂದ್ರೆ ಎಲೆ ಹೆಂಟೆಯ ಮೇಲೆ ಮುಚ್ಚಿ ಅದು ಕರಗದ ಹಾಗೆ ಕಾಯ್ತದೆ. ಕೊನೆಗೆ ಗಾಳಿ ಮಳೆ ಎರಡೂ ಒಟ್ಟಿಗೇ ಬಂತು, ಎಲೆ ಹಾರಿ ಹೋಯ್ತು, ಹೆಂಟೆ ಕರಗಿ ಹೋಯ್ತು. ಸಣ್ಣವನಿದ್ದಾಗ ಈ ಕಥೆ ಕೇಳಿ ನಾನು ಅತ್ತದ್ದುಂಟು.

ಈ ಕಾಡಿನಲ್ಲಿ ಕೂತು ನೋಡಿದ್ರೆ ಆ ಕಥೆ ಕಟ್ಟಿದವರು ನೆಲವನ್ನು ಎಷ್ಟು ಹತ್ತಿರದಿಂದ ನೋಡಿದ್ರು ಅಂತ ಗೊತ್ತಾಗ್ತದೆ. ವರ್ಷಕ್ಕೆ 3,000 ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಆ ಹನಿ ನೇರ ಮಣ್ಣಿಗೆ ಬಡಿದ್ರೆ ಮಣ್ಣು ಉಳಿಯುದಿಲ್ಲ. ಮೊದಲು ಎತ್ತರದ ಮರದ ಎಲೆ, ಆಮೇಲೆ ನಡುವಿನ ಮರ, ಗಿಡ, ಕೊನೆಗೆ ದರಗು, ಹೀಗೆ ಕೈಯಿಂದ ಕೈಗೆ ಇಳಿಸಿಕೊಂಡು ನೀರು ನೆಲ ಮುಟ್ಟುವಾಗ ಅದಕ್ಕೆ ಪೆಟ್ಟು ಕೊಡುವ ಶಕ್ತಿಯೇ ಇರುದಿಲ್ಲ. ಇಲ್ಲಿಯ ಎಷ್ಟೋ ಮರಗಳ ಎಲೆಗೆ ತುದಿಯಲ್ಲಿ ಉದ್ದ ಬಾಲ, ನೀರು ಜಾರಿ ಹನಿದು ಹೋಗ್ಲಿಕ್ಕೆ. ಮಾವ ಒಂದು ಎಲೆ ಹಿಡಿದು ಆ ಬಾಲ ತೋರಿಸುವಾಗ ವಾಚರ್ ಅಣ್ಣನೂ ಬಗ್ಗಿ ನೋಡಿದ್ರು, ಇಷ್ಟು ವರ್ಷ ಇದನ್ನೇ ಮೆಟ್ಟಿಕೊಂಡು ಓಡಾಡಿದೆ ಅಂದ್ರು.

ಅಲ್ಲಿಂದ ಮೇಲೆ ಸ್ವಲ್ಪ ದೂರ ಮೂರೂ ಜನ ಒಟ್ಟಿಗೆ ಹೋದೆವು. ಧೂಪದ ಮರ, ಹೆಬ್ಬಲಸು, ರಾಮಪತ್ರೆ, ಬೈನೆ, ಮರಕ್ಕೆ ಮರ ಹೆಣೆದ ಬೆತ್ತದ ಬಳ್ಳಿ. ಬುಡದಲ್ಲಿ ಹಲಗೆಯ ಹಾಗೆ ಚಾಚಿದ ಬೇರು, ಮಕ್ಕಳು ಅಡಗಿ ಕೂರುವಷ್ಟು ಎತ್ತರ. ಒಂದು ನಾಗಸಂಪಿಗೆ ಇಡೀ ಕೆಂಪಾಗಿ ಚಿಗುರಿತ್ತು. ಹೂ ಅಂತ ಓಡಿ ಹೋದ್ರೆ ಎಲೆ, ಹೊಸ ಎಲೆ, ರೇಷ್ಮೆಯ ಹಾಗೆ ನೇತಾಡ್ತಿತ್ತು. ಮೇಲೆಲ್ಲೋ ಮಂಗಟ್ಟೆ ಹಾರಿದ್ದು ಕಾಣ್ಲಿಲ್ಲ, ರೆಕ್ಕೆಯ ಬುಸುಬುಸು ಮಾತ್ರ ಕೇಳಿತು.

ಏರು ಜಾಸ್ತಿ ಆದ ಹಾಗೆ ಮರ ಗಿಡ್ಡ ಆಗ್ತಾ ಬರ್ತದೆ. ಇದನ್ನೂ ನಾನು ಕೆಳಗೆ ನೋಡಿಯೇ ಕಂಡದ್ದು. ದರಗಿನ ಎಲೆ ಸಣ್ಣದಾಯ್ತು. ಕೆಳಗೆ ಅಂಗೈ ಅಗಲ ಇದ್ದದ್ದು ಇಲ್ಲಿ ಎರಡು ಬೆರಳು, ದಪ್ಪ, ಚರ್ಮದ ಹಾಗೆ, ಮೈ ಮೇಣ ಹಚ್ಚಿದ ಹಾಗೆ ಮಿನುಗ್ತದೆ. ಗಾಳಿ ಜಾಸ್ತಿ, ಮಣ್ಣು ತೆಳು, ನೀರು ಉಳಿಸ್ಕೊಳ್ಬೇಕು, ಮರ ತನ್ನ ಎಲೆಯನ್ನು ಮಡಚಿ ಸಣ್ಣ ಮಾಡಿಕೊಂಡಿದೆ. ಕೊಂಬೆಗಳು ಗಂಟು ಗಂಟು, ಅದರ ಮೇಲೆ ಹಾವಸೆ, ಸೀತಾಳೆಯ ಗಿಡ. ಇದನ್ನು ಎಲ್ರೂ ಶೋಲಾ ಅಂತಾರೆ, ವಾಚರ್ ಅಣ್ಣ ಚೋಲ ಅಂದ್ರು. ನೀಲಗಿರಿ, ಮುನ್ನಾರ್ ಕಡೆಯ ನಿಜವಾದ ಶೋಲಾ ಇನ್ನೂ ತುಂಬ ಎತ್ತರದಲ್ಲಿ ಇರುದು, ರಾಣಿಪುರದ ತುದಿ ಸಾವಿರ ಮೀಟರಿನ ಆಸುಪಾಸು ಅಷ್ಟೇ. ಆದ್ರೆ ಸುತ್ತ ಹುಲ್ಲು, ಮಡಿಕೆಯಲ್ಲಿ ಮಾತ್ರ ಕಾಡು ಅನ್ನುವ ರೂಪ ಒಂದೇ ಆದದ್ದರಿಂದ ಹೆಸರು ಇಲ್ಲಿಗೂ ಬಂದಿರ್ಬೇಕು, ನನಗೆ ಅದರಲ್ಲಿ ಏನೂ ತಕರಾರಿಲ್ಲ.

ಮತ್ತೆ ಒಂದು ಹೆಜ್ಜೆ. ನಿಜವಾಗಿ ಒಂದೇ ಹೆಜ್ಜೆ. ಕೆಳಗಿನ ಬದಲಾವಣೆ ಎಲ್ಲ ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾಗದ ಹಾಗೆ ಆದದ್ದು, ಇಲ್ಲಿ ಮಾತ್ರ ಬಾಗಿಲು ತೆಗೆದು ಅಂಗಳಕ್ಕೆ ಇಳಿದ ಹಾಗೆ. ಕತ್ತಲಿಂದ ಹೊರಗೆ ಬಂದ್ರೆ ಹುಲ್ಲು, ಗುಡ್ಡೆ ಮೇಲೆ ಗುಡ್ಡೆ ಹುಲ್ಲು, ಹಳದಿಗೆ ತಿರುಗಿದ್ದು, ಗಾಳಿಗೆ ಇಡೀ ಇಳಿಜಾರು ಬಗ್ಗಿ ಏಳ್ತಿತ್ತು. ಅಲ್ಲೊಂದು ಇಲ್ಲೊಂದು ನೆಲ್ಲಿಯ ಗಿಡ್ಡ ಮರ. ದರಗು ಇಲ್ಲ. ಒಂದೇ ಒಂದು ಎಲೆ ಇಲ್ಲ. ಬಿದ್ರೂ ಗಾಳಿ ನಿಲ್ಲಿಕ್ಕೆ ಬಿಡುದಿಲ್ಲ, ಹೊತ್ತುಕೊಂಡು ಹೋಗಿ ಮಡಿಕೆಯ ಕಾಡಿಗೆ ಹಾಕ್ತದೆ, ಅಲ್ಲಿ ಮಣ್ಣು ಆಳ ಆಗ್ತದೆ, ನೀರು ನಿಲ್ತದೆ, ಮರ ನಿಲ್ತದೆ. ಇಲ್ಲಿ ಮಣ್ಣು ತೆಳು, ಕಲ್ಲು ಹತ್ತಿರ, ಬೇಸಿಗೆಯ ಬೆಂಕಿ ಬೇರೆ, ಹುಲ್ಲು ಸುಟ್ಟರೂ ಬುಡದಿಂದ ಮತ್ತೆ ಬರ್ತದೆ, ಮರದ ಸಸಿ ಬರುದಿಲ್ಲ. ಕೆಲವರು ಇದನ್ನು ನೋಡಿ ಖಾಲಿ ಜಾಗ, ಗಿಡ ನೆಡಬಹುದಿತ್ತು ಅಂತ ಹೇಳ್ತಾರೆ. ಆ ಮಾತು ಕೇಳಿದ್ರೆ ನನಗೆ ಸಂಕಟ ಆಗ್ತದೆ. ನಮ್ಮ ಮುರಕಲ್ಲು ಪಾರೆಯನ್ನೂ ಹಾಗೇ ಬಂಜರು ಅಂತ ಹೇಳಿ ಅಗೆದು ಅಕೇಶಿಯ ನೆಟ್ಟದ್ದು. ಹುಲ್ಲಿಗೆ ಹುಲ್ಲಿನದ್ದೇ ಕೆಲಸ ಉಂಟು. ಅಜ್ಜನ ಕಾಲದಲ್ಲಿ ಮಾಡಿಗೆ ಹೊದಿಸ್ತಿದ್ದದ್ದು ಗುಡ್ಡೆಯ ಮುಳಿಹುಲ್ಲೇ, ಆ ಗುಡ್ಡೆಗೆ ಯಾರೂ ಖಾಲಿ ಅಂತ ಹೇಳ್ತಿರ್ಲಿಲ್ಲ.

ತುದಿಯ ಬಂಡೆಯ ಮೇಲೆ ಕೂತು ಮಾವ ಪಂಚೆ ಮೇಲೆ ಕಟ್ಟಿಕೊಂಡು ಅವಲಕ್ಕಿ ಪೊಟ್ಟಣ ಬಿಚ್ಚಿದ್ರು. ಒಂದು ಬದಿ ಕೊಡಗು, ಕರಿಕೆಯ ಕಡೆಯ ಕಾಡು, 1987ರಲ್ಲಿ ಘೋಷಿಸಿದ ತಲಕಾವೇರಿ ವನ್ಯಜೀವಿಧಾಮ ಅದು, ನಾವು ಹತ್ತಿದ ಕಾಡೇ ಆ ಕಡೆ ಇಳಿದು ಮುಂದುವರಿದದ್ದು, ನಡುವೆ ರಾಜ್ಯದ ಗಡಿ ಉಂಟು ಅಂತ ಮ್ಯಾಪ್ ನೋಡಿದವರಿಗೆ ಮಾತ್ರ ಗೊತ್ತು. ಆನೆಗಳು ಹೋಗ್ತವೆ ಬರ್ತವೆ. ಇನ್ನೊಂದು ಬದಿ ನಮ್ಮ ಜಿಲ್ಲೆ, ರಬ್ಬರಿನ ಕೆಂಪು, ತೆಂಗಿನ ಹಸಿರು, ಆಮೇಲೆ ಬಿಸಿಲ ಮಬ್ಬು. ಇದೇ ಸಾಲಿನಲ್ಲಿ ಮುಂದೆ ತಲಕಾವೇರಿ, ಆ ನೀರು ಪೂರ್ವಕ್ಕೆ ಹರಿದು ಬಂಗಾಳಕೊಲ್ಲಿಗೆ ಹೋಗ್ತದೆ, ಈ ಇಳಿಜಾರಿನದ್ದು ಪಶ್ಚಿಮಕ್ಕೆ ನಮ್ಮ ಕಡೆ. ಜನವರಿಯಲ್ಲಿ ಮಳೆ ನಿಂತು ತಿಂಗಳು ಕಳೆದ್ರೂ ಬರುವಾಗ ಕಾಡಿನೊಳಗೆ ಸಣ್ಣ ತೋಡೊಂದು ಹರೀತಿತ್ತು. ಅದರ ನೀರು ಎಲ್ಲಿಂದ ಅಂತ ಮಾವನ ಹತ್ರ ಕೇಳ್ಬೇಕಾಗಿ ಬರ್ಲಿಲ್ಲ, ಅರ್ಧ ಗಂಟೆ ಮೊದಲು ಬೆರಳಲ್ಲಿ ಮುಟ್ಟಿದ್ದೆ.

ನಮ್ಮ ಮನೆಯಲ್ಲಿ ಸುರಂಗ ಉಂಟು. ಗೊತ್ತಿಲ್ಲದವರಿಗೆ ಹೇಳುದಾದ್ರೆ, ಮುರಕಲ್ಲಿನ ಗುಡ್ಡೆಯೊಳಗೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆದು, ಒಸರುವ ನೀರನ್ನು ಪಂಪು ಇಲ್ಲದೆ ಅಂಗಳಕ್ಕೆ ಹರಿಸುದು. ಕಾಸರಗೋಡಿನ ಬಡಗು ಭಾಗದಲ್ಲಿ, ಆಚೆ ದಕ್ಷಿಣ ಕನ್ನಡದಲ್ಲಿ ಇಂಥ ಸುರಂಗ ಬಹಳ ಉಂಟು. ನಮ್ಮದನ್ನು ಅಜ್ಜ ಕೊರೆಸಿದ್ದು. ನಾನು ಸಣ್ಣವನಿದ್ದಾಗ ಮೇ ತಿಂಗಳಲ್ಲೂ ಕಿರುಬೆರಳಿನಷ್ಟು ಬರ್ತಿತ್ತು, ಕಾಲೇಜಿಗೆ ಹೋಗುವ ಕಾಲಕ್ಕೆ ಏಪ್ರಿಲಿನಲ್ಲೇ ಹನಿ ಹನಿ. ಬೋರ್‌ವೆಲ್, ಅಕೇಶಿಯ, ಮಳೆ, ಕಾರಣ ಎಷ್ಟೋ ಇರ್ಬಹುದು. ಆದ್ರೆ ಆ ಬಂಡೆ ಮೇಲೆ ಕೂತಾಗ ನನಗೆ ಬಂದ ಯೋಚನೆ ಬೇರೆ. ಸುರಂಗದ ಮೇಲಿನ ಗುಡ್ಡೆಯನ್ನು ನಾವು ವರ್ಷ ವರ್ಷ ಹಿಡಿಸೂಡಿಯಲ್ಲಿ ಗುಡಿಸಿ ನುಣ್ಣಗೆ ಮಾಡ್ತಿದ್ದೆವಲ್ಲ. ಹೆಂಟೆಯ ಮೇಲಿನ ಎಲೆಯನ್ನು ನಾವೇ ಎತ್ತಿಕೊಂಡು ಬಂದೆವಾ? ಮಾವನ ಹತ್ರ ಹೇಳಿದೆ. ಅವರು ತುಂಬ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಹೇಳಿದ್ರು, ಆ ದರಗು ಇಲ್ಲದಿದ್ರೆ ದನ ಇಲ್ಲ, ತೋಟ ಇಲ್ಲ, ನಿನ್ನ ಕಾಲೇಜು ಫೀಸೂ ಇಲ್ಲ, ನಿನ್ನ ಅಮ್ಮನ ಹತ್ರ ಇದನ್ನು ತಪ್ಪು ಅಂತ ಮಾತ್ರ ಹೇಳ್ಬೇಡ. ನಾನು ಹೇಳುವವನೂ ಅಲ್ಲ. ಗುಡ್ಡೆಯಿಂದ ತಂದದ್ದು ತೋಟದ ಮಣ್ಣಿಗೇ ಹೋಗಿದೆ, ಕಳೆದು ಹೋಗಿಲ್ಲ, ಜಾಗ ಬದಲಾದದ್ದು. ಆದ್ರೂ ಮೇಲಿನದ್ದು ಮೇಲೆ ಸ್ವಲ್ಪ ಉಳೀಬೇಕಿತ್ತು.

ಇಳಿದದ್ದು ಬೇಗ. ಮೊಣಕಾಲು ನೋವು ಅಂತ ಮಾವ ಎರಡು ಕಡೆ ಕೂತ್ರು ಅಷ್ಟೇ. ಕಾಡಿನಿಂದ ಏನನ್ನೂ ಹೊರಗೆ ತಗೊಂಡು ಹೋಗ್ಬಾರ್ದು, ಹಾಗಾಗಿ ಒಂದೊಂದು ಜಾಗದ ದರಗಿನ ಫೋಟೋ ಮೊಬೈಲಿನಲ್ಲಿ ತೆಗೆದಿದ್ದೆ.

ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಅಮ್ಮನಿಗೆ ಒಂದೊಂದೇ ತೋರಿಸಿದೆ. ಅಮ್ಮನಿಗೆ ಈಗ ಗುಡ್ಡೆ ಹತ್ಲಿಕ್ಕೆ ಆಗುದಿಲ್ಲ, ದನ ಕೊಟ್ಟು ಒಂಬತ್ತು ವರ್ಷ ಆಯ್ತು. ಕನ್ನಡಕ ಹಾಕಿ ಫೋನನ್ನು ದೂರ ಹಿಡಿದು ನೋಡಿದ್ಲು. ರಬ್ಬರ್ ಬಂದಾಗ ಬೆರಳಲ್ಲಿ ದೂಡಿ ಮುಂದೆ ಹೋದ್ಲು. ಅಂಚಿನ ಕಾಡಿನ ಚರಪರ ದರಗು ಬಂದಾಗ ನಿಂತು, ಇದು ಹಟ್ಟಿಗೆ ಆಗ್ತದೆ, ಒಳ್ಳೆ ದರಗು, ಎರಡು ಹೆಡಗೆ ಆಗ್ಬಹುದು ಅಂತ ಲೆಕ್ಕ ಹಾಕಿದ್ಲು. ಅದರ ನಂತರ ಮಾವ ಪದರ ಪದರ ಬಿಡಿಸಿದ ಫೋಟೋ. ಅದನ್ನು ದೊಡ್ಡ ಮಾಡಿ ಕೊಡು ಅಂದ್ಲು. ತುಂಬ ಹೊತ್ತು ನೋಡಿದ್ಲು.

"ಇದು ದರಗಲ್ಲ. ಇದು ಆಗಳೇ ಮಣ್ಣಾಯಿದು," ಅಂದ್ಲು. ಮತ್ತೆ ಸ್ವಲ್ಪ ಬಿಟ್ಟು, "ಆರುದೇ ಮುಟ್ಟಿದ್ದವಿಲ್ಲೆ, ಅಲ್ಲದಾ?" ಯಾರೂ ಮುಟ್ಟಿಲ್ಲ ಅಲ್ವಾ ಅಂತ.

ಮರುದಿನ ಬೆಳಿಗ್ಗೆ ನಾನು ಮಂಗಳೂರಿಗೆ ಹೊರಡುವ ಮೊದಲು ಅಮ್ಮ ಕೈ ಹಿಡಿದು ಕರ್ಕೊಂಡು ಹೋಗು ಅಂದ್ಲು, ಗುಡ್ಡೆಯ ತುದಿಗೆ ಅಲ್ಲ, ಸುರಂಗದ ಬಾಯಿಯ ಮೇಲೆ ಹತ್ತು ಹೆಜ್ಜೆ. ಒಂಬತ್ತು ವರ್ಷದಿಂದ ಯಾರೂ ಗುಡಿಸದ ಜಾಗ. ಕಾಸರಕ, ಮರುವ, ಗೇರು, ನಡುವೆ ಅಕೇಶಿಯ ಸಹ, ಎಲ್ಲದರ ದರಗು ಪಾದ ಮುಳುಗುವಷ್ಟು ಇತ್ತು. ಅಮ್ಮ ನನ್ನ ಹೆಗಲು ಹಿಡಿದು ಮೆಲ್ಲ ಬಗ್ಗಿದ್ಲು, ಕೈ ಒಳಗೆ ಹಾಕಿದ್ಲು, ಮಣಿಕಟ್ಟಿನ ತನಕ ಹೋಯ್ತು. ತೆಗೆದಾಗ ಬೆರಳ ತುದಿಯಲ್ಲಿ ಕಪ್ಪು ಮಣ್ಣು ಅಂಟಿತ್ತು, ಹಸಿ ಇತ್ತು. ಅದನ್ನು ಸೆರಗಿಗೆ ಒರಸ್ಲಿಲ್ಲ, ಮೂಗಿನ ಹತ್ರ ಹಿಡಿದು ಹಾಗೇ ನಿಂತ್ಲು.